ಬೆಂಚಿನ ಸಾಲು ಬೇರೆ, ಲಗೋರಿ ಒಂದೇ

ನಾನು ಓದಿದ ಶಾಲೆಯಲ್ಲಿ ಗಲಾಟೆ ಮಾಡಿದ ಹುಡುಗನಿಗೆ ಒಂದು ಶಿಕ್ಷೆ ಇತ್ತು. ಹುಡುಗಿಯರ ಸಾಲಿನಲ್ಲಿ ಹೋಗಿ ಕೂರಬೇಕು. ಇಡೀ ಕ್ಲಾಸು ನಗುತ್ತಿತ್ತು. ಅವನು ತಲೆ ಎತ್ತುತ್ತಿರಲಿಲ್ಲ. ಅದೇ ಹುಡುಗ ಸಂಜೆ ನಮ್ಮ ಬೀದಿಯಲ್ಲಿ ಅದೇ ಹುಡುಗಿಯರ ಜೊತೆ ಲಗೋರಿ ಆಡುತ್ತಿದ್ದ. ಆಗ ಯಾರೂ ನಗುತ್ತಿರಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಎಲೀನರ್ ಮ್ಯಾಕೋಬಿ ಮತ್ತು ಕ್ಯಾರಲ್ ಜ್ಯಾಕ್ಲಿನ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಮಕ್ಕಳ ಆಟವನ್ನು ಗಮನಿಸಿ 1987ರಲ್ಲಿ ಒಂದು ಲೆಕ್ಕ ಕೊಟ್ಟರು. ನಾಲ್ಕೂವರೆ ವರ್ಷದ ಮಕ್ಕಳು ಹುಡುಗ ಹುಡುಗಿ ಬೆರೆತು ಆಡುವುದಕ್ಕಿಂತ ಸುಮಾರು 3 ಪಟ್ಟು ಜಾಸ್ತಿ ಹೊತ್ತು ತಮ್ಮ ತಮ್ಮವರ ಜೊತೆಗೇ ಆಡುತ್ತಿದ್ದರು. ಆರೂವರೆ ವರ್ಷಕ್ಕೆ ಅದು 11 ಪಟ್ಟಾಗಿತ್ತು! ಎರಡೇ ವರ್ಷ. ಸಮಾಜ ವಿಜ್ಞಾನಿ ಬ್ಯಾರಿ ಥಾರ್ನ್ ಇನ್ನೊಂದು ವಿಷಯ ಗಮನಿಸಿದರು. ಶಾಲೆಯಲ್ಲಿ ದೂರ ದೂರ ಇರುವ ಮಕ್ಕಳು ಮನೆಯ ಹತ್ತಿರ ಹೆಚ್ಚು ಬೆರೆಯುತ್ತಾರೆ. ಅಲ್ಲಿ ನೋಡುವವರು ಕಡಿಮೆ, ರೇಗಿಸುವವರೂ ಕಡಿಮೆ. ನಮ್ಮ ಲಗೋರಿ ಬೀದಿ ಹಾಗೆಯೇ ಇತ್ತು.

ಹಾಗಾದರೆ ಒಳಗಿನ ಸ್ವಭಾವದಲ್ಲಿ ನಿಜಕ್ಕೂ ಎಷ್ಟು ವ್ಯತ್ಯಾಸ? ಮನೋವಿಜ್ಞಾನಿ ಜ್ಯಾನೆಟ್ ಹೈಡ್ 2005ರಲ್ಲಿ ಇಂಥ ಸಂಶೋಧನೆಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಅಳೆದ ವ್ಯತ್ಯಾಸಗಳಲ್ಲಿ 78% ತೀರಾ ಸಣ್ಣವು, ಇಲ್ಲವೇ ಇಲ್ಲ ಅನ್ನುವಷ್ಟು. ದೊಡ್ಡದಾಗಿ ಕಂಡ ಕೆಲವೇ ವಿಷಯಗಳಲ್ಲಿ ಒಂದು, ಚೆಂಡನ್ನು ಎಷ್ಟು ಜೋರಾಗಿ ಎಸೆಯುತ್ತಾರೆ ಎನ್ನುವುದು. ಲಗೋರಿಗೆ ಜೋರಿಗಿಂತ ಗುರಿ ಮುಖ್ಯ, ಅಲ್ವಾ?

ಗೆಳೆತನದಲ್ಲಿ ವ್ಯತ್ಯಾಸ ಇಲ್ಲವೇ ಇಲ್ಲ ಎಂದಲ್ಲ. ಹುಡುಗರು ಏನಾದರೂ ಮಾಡುತ್ತಾ ಹತ್ತಿರವಾಗುತ್ತಾರೆ. ಕ್ರಿಕೆಟ್, ಬೈಕು, ಮೊಬೈಲ್ ಗೇಮು. ಹುಡುಗಿಯರಲ್ಲಿ ಮಾತು ಜಾಸ್ತಿ. ಆದರೆ ಇದು ಸರಾಸರಿಯ ಮಾತು. ಮಾತಿಗೂ ಒಂದು ಬೆಲೆ ಇದೆ. ಗೆಳತಿಯರು ಒಂದೇ ನೋವನ್ನು ಮತ್ತೆ ಮತ್ತೆ ಕೆದಕಿ ಮಾತಾಡುವುದನ್ನು ಮನೋವಿಜ್ಞಾನಿ ಅಮಾಂಡಾ ರೋಸ್ 2002ರಲ್ಲಿ ಅಧ್ಯಯನ ಮಾಡಿದರು. ಹಾಗೆ ಮಾತಾಡುವವರ ಗೆಳೆತನ ಗಟ್ಟಿ, ಆದರೆ ಅವರಲ್ಲಿ ಆತಂಕವೂ ಹೆಚ್ಚು. ಅದಕ್ಕೇ ನನಗೆ ಎರಡೂ ಬಗೆಯ ಗೆಳೆತನ ಬೇಕು ಅನಿಸುತ್ತದೆ. ಕೆಲವು ದಿನ ಮನಸ್ಸು ಬಿಚ್ಚಿ ಅಳಬೇಕು. ಕೆಲವು ದಿನ ಸುಮ್ನೆ ಜೊತೆಯಲ್ಲಿ ನಡೆದರೆ ಸಾಕು.

ನಿಜವಾದ ತೊಡಕು ಇರುವುದು ಊಹೆಯಲ್ಲಿ. ಮನೋವಿಜ್ಞಾನಿ ಏಪ್ರಿಲ್ ಬ್ಲೆಸ್ಕೆ-ರೆಚೆಕ್ ಅವರ ತಂಡ 2012ರಲ್ಲಿ 88 ಜೋಡಿ ಹುಡುಗ–ಹುಡುಗಿ ಗೆಳೆಯರನ್ನು ಬೇರೆ ಬೇರೆ ಕೂರಿಸಿ ಪ್ರಶ್ನೆ ಕೇಳಿತು. ಗೆಳತಿಯ ಮೇಲೆ ಆಕರ್ಷಣೆ ಇದೆ ಎಂದ ಹುಡುಗರು ಜಾಸ್ತಿ. ಅವಳಿಗೂ ಹಾಗೇ ಇರಬಹುದು ಎಂದುಕೊಂಡರು. ಹುಡುಗಿಯರ ಊಹೆ ಉಲ್ಟಾ: ತಮಗಿಲ್ಲ, ಹಾಗಾಗಿ ಅವನಿಗೂ ಇರಲಾರದು. ಇಬ್ಬರೂ ತಮ್ಮ ಮನಸ್ಸನ್ನೇ ಎದುರಿನವರಲ್ಲಿ ಕಂಡರು. ಹತ್ತು ವರ್ಷ ಬೇರೆ ಸಾಲಿನಲ್ಲಿ ಕೂತು ಬೆಳೆದವರಿಗೆ ಇನ್ನೊಬ್ಬರ ಮನಸ್ಸು ಓದಲು ಯಾರು ಕಲಿಸಬೇಕಿತ್ತು?

ಆ ಲಗೋರಿ ತಂಡದ ಒಬ್ಬಳು ಈಗಲೂ ನನ್ನ ಜೊತೆ ಇದ್ದಾಳೆ. ಕಾಲೇಜಿನಲ್ಲಿ ಜನರ ಬಾಯಿಗೆ ಹೆದರಿ ರಾಖಿ ಕಟ್ಟಿದ್ದಳು. ಯಾರಾದರೂ ಕೇಳಿದರೆ ‘ಅಣ್ಣ ತಂಗಿ ಇದ್ದ ಹಾಗೆ’ ಎನ್ನುತ್ತಿದ್ದೆವು. ಕಳೆದ ವಾರ ಆಫೀಸಿನವರಿಗೆ ನನ್ನನ್ನು ಪರಿಚಯಿಸುವಾಗ ಅವಳು ಹೇಳಿದ್ದು ಒಂದೇ ಮಾತು: ‘ಇವನು ನನ್ನ ಫ್ರೆಂಡ್.’