ಚಾರ್ಲ್ಸ್ ಏವಿಸನ್: ನ್ಯೂಕಾಸಲ್ ಬಿಡದ ಆರ್ಗನ್ ವಾದಕ

18ನೇ ಶತಮಾನದ ಇಂಗ್ಲೆಂಡಿನ ಸಂಗೀತ ಅಂದರೆ ಲಂಡನ್, ಲಂಡನ್ ಅಂದರೆ ಸಂಗೀತ ಸಂಯೋಜಕ ಹ್ಯಾಂಡೆಲ್. ಪಠ್ಯಪುಸ್ತಕ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಈ ಸಲ ಉತ್ತರದ ಕಡೆ ಹೋಗೋಣ.

ಸಂಯೋಜಕ ಏವಿಸನ್ ಹುಟ್ಟಿದ್ದು 1709ರಲ್ಲಿ, ಉತ್ತರ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ. 1736ರಲ್ಲಿ ಅಲ್ಲಿನ ಸೇಂಟ್ ನಿಕೋಲಸ್ ಚರ್ಚಿನ ಆರ್ಗನ್ ವಾದಕನಾದ. 1770ರಲ್ಲಿ ಸಾಯುವವರೆಗೂ ಅದೇ ಕೆಲಸ. ಯಾರೂ ಕರೆಯಲಿಲ್ಲ ಅಂತಲ್ಲ. ಯಾರ್ಕ್, ಡಬ್ಲಿನ್, ಲಂಡನ್, ಮೂರೂ ಕಡೆಯಿಂದ ಕರೆ ಬಂತು. ಈತ ಹೋಗಲಿಲ್ಲ.

ಊರಲ್ಲಿ ಕೈತುಂಬ ಕೆಲಸವಿತ್ತು. ಭಾನುವಾರ ಚರ್ಚು, ವಾರವಿಡೀ ಶಿಷ್ಯರು, ಜೊತೆಗೆ ಸಂಗೀತ ಕಛೇರಿಗಳು. ಮೊದಲೇ ಚಂದಾ ಕಟ್ಟಿಸಿಕೊಂಡು ಕಛೇರಿಗಳ ಸರಣಿ ನಡೆಸುವುದು ಲಂಡನ್ನಿನ ಆಚೆ ಆಗ ಇನ್ನೂ ಹೊಸತು.

ಈಗ ಮುಖ್ಯ ವಿಷಯ: ಆತನ ಕನ್ಚೆರ್ಟೊ ಗ್ರಾಸ್ಸೊಗಳು. ಈ ಪ್ರಕಾರದಲ್ಲಿ ಕೆಲವೇ ವಾದ್ಯಗಳ ಸಣ್ಣ ಗುಂಪೊಂದು, ಎಲ್ಲರೂ ಸೇರಿದ ದೊಡ್ಡ ಗುಂಪೊಂದು. ಒಂದು ನುಡಿಸಿದ್ದಕ್ಕೆ ಇನ್ನೊಂದು ಉತ್ತರ ಕೊಡುತ್ತದೆ. ಕಷ್ಟದ ಭಾಗ ಸಣ್ಣ ಗುಂಪಿಗೆ, ಸುಲಭದ್ದು ದೊಡ್ಡದಕ್ಕೆ. ಸಣ್ಣ ಊರಿಗೆ ಇದು ಎಷ್ಟು ಒಗ್ಗುತ್ತದೆ ನೋಡಿ! ನಾಲ್ಕೈದು ಪಳಗಿದ ಕೈ ಸಿಕ್ಕರೆ ಸಾಕು, ಉಳಿದ ಜಾಗ ಹವ್ಯಾಸಿಗಳು ತುಂಬುತ್ತಾರೆ.

1744ರಲ್ಲಿ ಆತ ಇಟಲಿಯ ಸಂಯೋಜಕ ಡೊಮೆನಿಕೊ ಸ್ಕಾರ್ಲಾಟಿಯ ಸೊನಾಟಾಗಳನ್ನು, ಅಂದರೆ ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆ ವಾದ್ಯಕ್ಕೆ ಬರೆದ ಕೃತಿಗಳನ್ನು, ತಂತಿವಾದ್ಯಗಳಿಗೆ ಹೊಂದಿಸಿ 12 ಕನ್ಚೆರ್ಟೊ ಪ್ರಕಟಿಸಿದ. ಕೈಯಲ್ಲಿದ್ದ ಸೊನಾಟಾಗಳು ಹೆಚ್ಚಾಗಿ ವೇಗದವು. ಕನ್ಚೆರ್ಟೊಗೆ ನಿಧಾನದ ಭಾಗಗಳೂ ಬೇಕಲ್ವಾ? ಹಾಗಾಗಿ ಕೆಲವು ವೇಗದ ಸೊನಾಟಾಗಳನ್ನು ನಿಧಾನ ಮಾಡಿಕೊಂಡ. ನನಗೆ ಇದು ಬರೀ ನಕಲು ಅನ್ನಿಸುವುದಿಲ್ಲ, ಪಕ್ಕಾ ಕಸುಬುದಾರನ ಕೆಲಸ.

1752ರಲ್ಲಿ ಸಂಗೀತದ ಭಾವಾಭಿವ್ಯಕ್ತಿಯ ಮೇಲೆ ಒಂದು ಪುಸ್ತಕ ಬರೆದ. ರಾಗ (ಮೆಲೊಡಿ) ಒಂದೇ ಮೆರೆಯಬಾರದು, ಹಾರ್ಮನಿ (ಒಟ್ಟಿಗೆ ನುಡಿಯುವ ಸ್ವರಗಳ ಹೊಂದಿಕೆ) ಒಂದೇ ಮೆರೆಯಬಾರದು, ಎರಡೂ ಸಮತೂಕದಲ್ಲಿ ಬೆರೆತಾಗಲೇ ಭಾವ ಮೂಡುತ್ತದೆ ಎಂಬುದು ಅದರ ವಾದ. ಅಷ್ಟಕ್ಕೇ ಬಿಟ್ಟಿದ್ದರೆ ಗಲಾಟೆ ಇರುತ್ತಿರಲಿಲ್ಲ. ಹ್ಯಾಂಡೆಲ್‌ಗಿಂತ ಇಟಲಿಯ ಸಂಯೋಜಕರಾದ ಜೆಮಿನಿಯಾನಿ, ಮಾರ್ಚೆಲ್ಲೊ ಮೇಲು ಎಂಬ ಧಾಟಿ ಹಿಡಿದ. ಹ್ಯಾಂಡೆಲ್ ಇನ್ನೂ ಬದುಕಿದ್ದ ಕಾಲ ಅದು! ಮರುವರ್ಷವೇ ಆಕ್ಸ್‌ಫರ್ಡಿನ ಸಂಗೀತ ಪ್ರಾಧ್ಯಾಪಕ ವಿಲಿಯಂ ಹೇಯ್ಸ್, ಹೆಸರು ಹಾಕದೆ, ಖಾರವಾಗಿ ಉತ್ತರ ಬರೆದ. ಏವಿಸನ್ ಸುಮ್ನೆ ಕೂರಲಿಲ್ಲ, ಅದಕ್ಕೂ ಪ್ರತ್ಯುತ್ತರ ಅಚ್ಚು ಹಾಕಿಸಿದ.

ಕೇಳಲು ಶುರು ಮಾಡುವವರು ಸ್ಕಾರ್ಲಾಟಿ ಕನ್ಚೆರ್ಟೊಗಳನ್ನೇ ಹಿಡಿಯಿರಿ. ಮೊದಲು ಮೂಲ ಸೊನಾಟಾ, ಆಮೇಲೆ ಏವಿಸನ್. ಸಣ್ಣ ಗುಂಪು ಎಲ್ಲಿ ಒಂಟಿಯಾಗುತ್ತದೆ, ದೊಡ್ಡದು ಎಲ್ಲಿ ಬಂದು ಸೇರುತ್ತದೆ ಅಂತ ಗುರುತು ಹಾಕಿಕೊಳ್ಳಿ.