ಜಾಕ್ ಬ್ರೆಲ್ 38ಕ್ಕೇ ಹಾಡು ನಿಲ್ಲಿಸಿದ್ದು ಯಾಕೆ?

1967ರ ಮೇ 16. ಉತ್ತರ ಫ್ರಾನ್ಸಿನ ರೂಬೆ ಊರಿನಲ್ಲಿ ಫ್ರೆಂಚ್ ಭಾಷೆಯ ಹಾಡುಗಾರ ಜಾಕ್ ಬ್ರೆಲ್ ತನ್ನ ಕೊನೆಯ ಗಾಯನ ಕಾರ್ಯಕ್ರಮ ಕೊಟ್ಟ. ವಯಸ್ಸು ಬರೀ 38. ದನಿ ಕೆಟ್ಟಿರಲಿಲ್ಲ. ಟಿಕೆಟ್ ಖರ್ಚಾಗದೆ ಉಳಿಯುತ್ತಲೂ ಇರಲಿಲ್ಲ. ಮತ್ಯಾಕೆ ನಿಲ್ಲಿಸಿದ?

ಬ್ರೆಲ್ ಫ್ರಾನ್ಸಿನವನಲ್ಲ, ಬೆಲ್ಜಿಯಂನವನು. 1929ರಲ್ಲಿ ಬ್ರಸೆಲ್ಸಿನಲ್ಲಿ ಹುಟ್ಟಿದ. ಅಪ್ಪನಿಗೆ ರಟ್ಟಿನ ಕಾರ್ಖಾನೆಯಲ್ಲಿ ಪಾಲಿತ್ತು, ಮಗನೂ ಅಲ್ಲೇ ದುಡಿಯುತ್ತಿದ್ದ. ಮದುವೆಯಾಗಿ ಮಕ್ಕಳಾದರೂ ಗಿಟಾರ್ ಹುಚ್ಚು ಬಿಡಲಿಲ್ಲ. 1953ರಲ್ಲಿ ಪ್ಯಾರಿಸ್ಸಿಗೆ ಹೊರಟೇಬಿಟ್ಟ. ಮೊದಲ ಯಶಸ್ಸಿಗೆ 1956ರವರೆಗೆ ಕಾಯಬೇಕಾಯಿತು. ಅವನ ಹೆಸರಾಂತ ಹಾಡು ‘ನ ಮ ಕಿತ್ ಪಾ’ (ನನ್ನ ಬಿಟ್ಟು ಹೋಗಬೇಡ) ಬಂದದ್ದು 1959ರಲ್ಲಿ.

ಆದರೆ ಬ್ರೆಲ್‌ನನ್ನು ಬರೀ ಕೇಳಿದರೆ ಸಾಲದು, ನೋಡಬೇಕು. ಕೈಕಾಲು ಬೀಸಿ, ಬೆವರಿನಲ್ಲಿ ತೊಯ್ದು, ಹಾಡಿನೊಳಗಿನ ಮನುಷ್ಯನೇ ಆಗಿಬಿಡುತ್ತಿದ್ದ. ಬಂದರಿನ ನಾವಿಕರ ಬಗೆಗಿನ ‘ಆಮ್‌ಸ್ಟರ್‌ಡಾಂ’ ಮೆಲ್ಲಗೆ ಶುರುವಾಗಿ ಕೊನೆಗೆ ಅಬ್ಬರಕ್ಕೇರುತ್ತದೆ. ಅದನ್ನು ಅವನು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಲೇ ಇಲ್ಲ. ನಮಗೆ ಸಿಗುವುದು 1964ರಲ್ಲಿ ಪ್ಯಾರಿಸ್ಸಿನ ಒಲಿಂಪಿಯಾ ರಂಗಮಂದಿರದಲ್ಲಿ ಹಾಡಿದ್ದು. ವೇದಿಕೆಗೆ ಹೋಗುವ ಮುಂಚೆ ಭಯಕ್ಕೆ ವಾಂತಿ ಮಾಡಿಕೊಳ್ಳುತ್ತಿದ್ದನಂತೆ. ಜನ ಎಷ್ಟೇ ಚಪ್ಪಾಳೆ ತಟ್ಟಲಿ, ‘ಒನ್ಸ್ ಮೋರ್’ ಮಾತ್ರ ಇಲ್ಲ.

ಇಷ್ಟು ಮೈಮುರಿಯುವ ಹಾಡಿಕೆ, ಅದೂ ವರ್ಷಕ್ಕೆ 200ಕ್ಕೂ ಜಾಸ್ತಿ ಸಲ. ಒಂದು ರಾತ್ರಿ ಒಂದೇ ಚರಣವನ್ನು ಎರಡು ಸಲ ಹಾಡಿದ್ದು ಗೊತ್ತಾಗಿ ನಿಲ್ಲಿಸುವ ಮನಸ್ಸು ಮಾಡಿದ ಎನ್ನುವ ಕಥೆಯಿದೆ. ಕಥೆ ಚೆನ್ನಾಗಿದೆ, ಆದರೆ ಅದೊಂದೇ ಕಾರಣ ಅನ್ನಿಸುವುದಿಲ್ಲ. ಕಸುಬು ಕೈಗೆ ಹತ್ತಿಬಿಟ್ಟಿತ್ತು. ಇನ್ನು ಮುಂದೆ ಅಭ್ಯಾಸಬಲದಲ್ಲೇ ಜನರನ್ನು ಅಳಿಸಬಹುದಿತ್ತು, ಅಲ್ವಾ? ಅಂಥ ಮೋಸ ಅವನಿಗೆ ಬೇಡವಾಗಿತ್ತು.

ಹಾಗಂತ ರಂಗವನ್ನೇ ತೊರೆದ ಎನ್ನುವಂತಿಲ್ಲ. 1968ರಲ್ಲಿ ಅಮೆರಿಕದ ಸಂಗೀತ ನಾಟಕವೊಂದನ್ನು ಫ್ರೆಂಚಿಗೆ ತಂದು ತಾನೇ ಅದರ ನಾಯಕ, ಸ್ಪ್ಯಾನಿಷ್ ಕಾದಂಬರಿಯ ಡಾನ್ ಕಿಹೋಟೆಯಾದ. ಸಿನಿಮಾಗಳನ್ನೂ ಮಾಡಿದ. 1974ರಲ್ಲಿ ಹಾಯಿಹಡಗು ಹತ್ತಿ ಹೊರಟ. ಅದೇ ವರ್ಷ ಶ್ವಾಸಕೋಶದ ಕ್ಯಾನ್ಸರ್ ಗೊತ್ತಾಯಿತು. ಆಪರೇಷನ್ ಆದ ಮೇಲೆ ಮತ್ತೆ ಸಮುದ್ರಕ್ಕಿಳಿದು, ಪೆಸಿಫಿಕ್‌ನ ಹೀವಾ ಓವಾ ದ್ವೀಪ ಸೇರಿದ. ಪುಟ್ಟ ವಿಮಾನ ಇಟ್ಟುಕೊಂಡು ದ್ವೀಪದವರ ಟಪಾಲು, ರೋಗಿಗಳನ್ನು ಸಾಗಿಸುತ್ತಿದ್ದ.

1977ರ ನವೆಂಬರಿನಲ್ಲಿ ಕೊನೆಯ ಆಲ್ಬಂ ಬಂತು. ಬಿಡುಗಡೆಗೂ ಮೊದಲೇ ಸುಮಾರು ಹತ್ತು ಲಕ್ಷ ಪ್ರತಿಗಳಿಗೆ ಬೇಡಿಕೆ ಬಂದಿತ್ತು. ಅದರಲ್ಲಿದ್ದ ಒಂದು ಹಾಡು ಫ್ಲೆಮಿಷ್ (ಬೆಲ್ಜಿಯಂನ ಡಚ್ ಮಾತಾಡುವ ಜನ) ರಾಷ್ಟ್ರವಾದಿಗಳನ್ನು ಖಾರವಾಗಿ ಬೈದಿತ್ತು. ಬೆಲ್ಜಿಯಂನಲ್ಲಿ ಗಲಾಟೆಯೋ ಗಲಾಟೆ. ತಮಾಷೆ ಅಂದರೆ ಬ್ರೆಲ್‌ನ ಮನೆತನವೂ ಮೂಲದಲ್ಲಿ ಫ್ಲೆಮಿಷ್! ಮರುವರ್ಷ ಅಕ್ಟೋಬರ್ 9ರಂದು, ಪ್ಯಾರಿಸ್ ಪಕ್ಕದ ಆಸ್ಪತ್ರೆಯಲ್ಲಿ, 49ನೇ ವಯಸ್ಸಿಗೆ ತೀರಿಕೊಂಡ.