‘ಅನ್‌ಟುವರ್ಡ್’ ಅಂದರೆ ಬರೀ ‘ಕೆಟ್ಟದ್ದು’ ಅಂತಲೇ?

ಓದುಗರ ಪ್ರಶ್ನೆ: ‘ಅನ್‌ಟುವರ್ಡ್’ ಎಂಬ ಇಂಗ್ಲಿಷ್ ಪದಕ್ಕೆ ನಿಘಂಟಿನಲ್ಲಿ ‘ಅಹಿತಕರ’, ‘ಪ್ರತಿಕೂಲ’ ಎಂಬ ಅರ್ಥ ಇದೆ. ಹಾಗಾದರೆ ‘ಬ್ಯಾಡ್’ ಬರುವ ಕಡೆಯೆಲ್ಲ ಇದನ್ನು ಹಾಕಬಹುದಾ? ನಾನು ‘ಅನ್‌ಟುವರ್ಡ್ ನ್ಯೂಸ್’ ಎಂದು ಬರೆದಾಗ ತಪ್ಪು ಎಂದರು. ಯಾಕೆ ತಪ್ಪು?

ತಪ್ಪು ಎಂದವರು ಸರಿಯಾಗಿಯೇ ಹೇಳಿದ್ದಾರೆ. ಹಾಗಂತ ನಿಘಂಟು ಕೊಟ್ಟ ಅರ್ಥವೂ ಸುಳ್ಳಲ್ಲ. ಈ ಪದದ ಅರ್ಥ ಗೊತ್ತಿದ್ದರೆ ಸಾಲದು, ಅದು ಎಂಥ ವಾಕ್ಯದಲ್ಲಿ ಕೂರುತ್ತದೆ ಎಂಬುದೂ ಗೊತ್ತಿರಬೇಕು. ಅದು ಒಮ್ಮೆ ಕಿವಿಗೆ ಹಿಡಿದರೆ ಆಮೇಲೆ ಕಷ್ಟವಿಲ್ಲ. ಅದಕ್ಕೆ ಕನ್ನಡದಲ್ಲೇ ಒಂದು ಒಳ್ಳೆಯ ದಾರಿ ಇದೆ.

ಯಾರಾದರೂ ದೂರ ಪ್ರಯಾಣ ಹೊರಟಾಗ ನಾವು ಏನು ಹೇಳುತ್ತೇವೆ? ‘ಏನಾದ್ರೂ ಹೆಚ್ಚುಕಮ್ಮಿ ಆದ್ರೆ ತಕ್ಷಣ ಫೋನ್ ಮಾಡು.’ ಆ ‘ಹೆಚ್ಚುಕಮ್ಮಿ’ ಇದೆಯಲ್ಲ, ಅನ್‌ಟುವರ್ಡ್‌ಗೆ ಅದಕ್ಕಿಂತ ಹತ್ತಿರದ ಮಾತು ನನಗೆ ಸಿಕ್ಕಿಲ್ಲ. ‘ಇಫ್ ಎನಿಥಿಂಗ್ ಅನ್‌ಟುವರ್ಡ್ ಹ್ಯಾಪನ್ಸ್’ ಎಂದರೆ ಪೂರ್ತಿ ಅದೇ. ಗಾಡಿ ಕೆಡಬಹುದು, ಪರ್ಸ್ ಕಳೆಯಬಹುದು, ಇನ್ನೂ ದೊಡ್ಡದೇ ಆಗಬಹುದು. ಯಾವುದನ್ನೂ ನಾವು ಹೆಸರು ಹಿಡಿದು ಹೇಳುವುದಿಲ್ಲ. ಹೇಳಲು ಮನಸ್ಸೂ ಬರುವುದಿಲ್ಲ. ಆಗಬೇಕಾದ ರೀತಿಯಲ್ಲಿ ಆಗದೆ ಇನ್ನೇನೋ ಆದರೆ, ಅಷ್ಟೇ.

ಪದದ ಹುಟ್ಟು ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ‘ಟುವರ್ಡ್’ ಎಂದರೆ ‘ಕಡೆಗೆ’ ಎಂದು ನಮಗೆಲ್ಲ ಗೊತ್ತು. ಹಿಂದೆ ಇಂಗ್ಲಿಷಿನಲ್ಲಿ ಇದೇ ‘ಟುವರ್ಡ್’ ಒಂದು ಗುಣವಾಚಕವೂ ಆಗಿತ್ತು. ಹೇಳಿದ ಕಡೆಗೆ ಬರುವ, ಕಲಿಸಿದರೆ ಕಲಿಯುವ, ಮುಂದೆ ಬರುವ ಲಕ್ಷಣವಿರುವ ಮಕ್ಕಳನ್ನು ‘ಟುವರ್ಡ್’ ಎನ್ನುತ್ತಿದ್ದರು. ಅದಕ್ಕೆ 16ನೇ ಶತಮಾನದಲ್ಲಿ ‘ಅನ್’ ಸೇರಿ ‘ಅನ್‌ಟುವರ್ಡ್’ ಆಯಿತು. ಹೇಳಿದ ಕಡೆಗೆ ಬಾರದ, ಹಟಮಾರಿ, ಅಡ್ಡದಾರಿಯ ಎಂಬ ಅರ್ಥ. ಆಗ ಈ ಪದವನ್ನು ಮನುಷ್ಯರಿಗೇ ಹೇಳುತ್ತಿದ್ದರು. 1611ರ ಇಂಗ್ಲಿಷ್ ಬೈಬಲಿನಲ್ಲಿ ‘ಅನ್‌ಟುವರ್ಡ್ ಜನರೇಷನ್’ ಎಂಬ ಮಾತು ಬರುತ್ತದೆ. ಅಲ್ಲಿ ಮೂಲದ ಗ್ರೀಕ್ ಪದಕ್ಕೆ ‘ಸೊಟ್ಟ’, ‘ವಕ್ರ’ ಎಂದು ಅರ್ಥ.

ಕಾಲ ಕಳೆದಂತೆ ಪದ ಮನುಷ್ಯರನ್ನು ಬಿಟ್ಟು ಘಟನೆಗಳಿಗೆ ಅಂಟಿಕೊಂಡಿತು. ಒಳಗಿನ ಚಿತ್ರ ಮಾತ್ರ ಹಾಗೇ ಉಳಿಯಿತು: ನಾವು ಬಯಸಿದ ಕಡೆಗೆ ಹೋಗದೆ ಬೇರೆ ಕಡೆಗೆ ತಿರುಗಿದ್ದು. ನಮ್ಮ ‘ಹೆಚ್ಚುಕಮ್ಮಿ’ ಅಳತೆ ತಪ್ಪಿದ್ದನ್ನು ಹೇಳುತ್ತದೆ, ಇಂಗ್ಲಿಷಿನವರ ‘ಅನ್‌ಟುವರ್ಡ್’ ದಿಕ್ಕು ತಪ್ಪಿದ್ದನ್ನು ಹೇಳುತ್ತದೆ. ಎರಡು ಭಾಷೆಗಳು ಒಂದೇ ಆತಂಕವನ್ನು ಹೀಗೆ ಬೇರೆ ಬೇರೆ ಕಡೆಯಿಂದ ಹಿಡಿದಿರುವುದು ನನಗೆ ತುಂಬ ಇಷ್ಟ. ಅಂದ ಹಾಗೆ, ‘ಆಕ್ವರ್ಡ್’ ಎಂಬ ಪದದ ಬಾಲದಲ್ಲಿರುವುದೂ ಇದೇ ‘ವರ್ಡ್’. ಅದರ ತಲೆಯಲ್ಲಿರುವ ‘ಆಕ್’ ಎಂದರೆ ಹಿಂದುಮುಂದಾದ, ತಿರುಗುಮುರುಗಾದ ಎಂದು. ಅಲ್ಲೂ ದಿಕ್ಕಿನದೇ ಮಾತು.

ಕೆಟ್ಟದ್ದಕ್ಕೂ ಅನ್‌ಟುವರ್ಡ್‌ಗೂ ಇರುವ ಅಂತರ ತೋರಿಸಲು ಚರಿತ್ರೆಯಲ್ಲಿ ಒಂದು ಸೊಗಸಾದ ಉದಾಹರಣೆ ಇದೆ. 1827ರ ಅಕ್ಟೋಬರ್ 20ರಂದು ಗ್ರೀಸಿನ ನವಾರಿನೊ ಕೊಲ್ಲಿಯಲ್ಲಿ ಬ್ರಿಟನ್, ಫ್ರಾನ್ಸ್, ರಷ್ಯಾಗಳ ಹಡಗುಗಳು ಒಟ್ಟಾಗಿ ಆಟೊಮನ್ ಮತ್ತು ಈಜಿಪ್ಟ್ ನೌಕಾಪಡೆಯನ್ನು ಪುಡಿಗಟ್ಟಿದವು. ಬ್ರಿಟಿಷ್ ಸೇನಾನಿ ಎಡ್ವರ್ಡ್ ಕಾಡ್ರಿಂಗ್ಟನ್ ಆ ಕೂಟದ ಮುಂದಾಳು. ಯುದ್ಧದ ಲೆಕ್ಕದಲ್ಲಿ ಅದು ಭರ್ಜರಿ ಗೆಲುವು. ಆದರೆ ಬ್ರಿಟನ್ ಆಗ ಆಟೊಮನ್ನರ ಮೇಲೆ ಯುದ್ಧ ಸಾರಿರಲಿಲ್ಲ. ಆಟೊಮನ್ ಸಾಮ್ರಾಜ್ಯ ಕುಸಿದರೆ ರಷ್ಯಾ ಬಲವಾದೀತು ಎಂಬ ಚಿಂತೆಯೂ ಇತ್ತು. 1828ರ ಜನವರಿಯಲ್ಲಿ ಸಂಸತ್ತು ಸೇರಿದಾಗ, ರಾಜನ ಹೆಸರಿನಲ್ಲಿ ಓದಿದ ಭಾಷಣದಲ್ಲಿ ಈ ಕದನವನ್ನು ‘ಅನ್‌ಟುವರ್ಡ್ ಈವೆಂಟ್’ ಎಂದು ಕರೆದರು.

ಗೆದ್ದ ಕದನಕ್ಕೆ ಹೀಗೆ ಹೇಳುವುದೇ? ಹೌದು. ಅಲ್ಲಿ ‘ಬ್ಯಾಡ್’ ಎಂದಿದ್ದರೆ ಅರ್ಥವೇ ಕೆಡುತ್ತಿತ್ತು. ಗೆಲುವು ಗೆಲುವೇ. ಆದರೆ ಸರ್ಕಾರ ಬಯಸಿದ ದಿಕ್ಕಿನಲ್ಲಿ ನಡೆದದ್ದಲ್ಲ. ಆಗಬಾರದಿತ್ತು, ಆಗಿಹೋಯಿತು. ಆ ಒಂದು ಪದ ಯಾರನ್ನೂ ಬೈಯದೆ, ಯಾರನ್ನೂ ಹೊಗಳದೆ ಅಷ್ಟನ್ನೂ ಹೇಳಿಬಿಟ್ಟಿತು.

ತಪ್ಪು ಯಾರದು ಎಂದು ಹೇಳದೆ ಇರುವ ಈ ಗುಣ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ. ಹೊಸ ಔಷಧಗಳನ್ನು ಮನುಷ್ಯರ ಮೇಲೆ ಪರೀಕ್ಷೆ ಮಾಡುವಾಗ ಹಲವು ದೇಶಗಳು ಒಪ್ಪಿಕೊಂಡ ಐಸಿಎಚ್ ಮಾರ್ಗಸೂಚಿಗಳಿವೆ. ಅವುಗಳಲ್ಲಿ ‘ಅಡ್ವರ್ಸ್ ಈವೆಂಟ್’ ಎಂದರೇನು ಎಂದು ವಿವರಿಸುವ ಸಾಲು ಶುರುವಾಗುವುದೇ ‘ಎನಿ ಅನ್‌ಟುವರ್ಡ್ ಮೆಡಿಕಲ್ ಅಕರೆನ್ಸ್’ ಎಂದು. ಔಷಧ ತೆಗೆದುಕೊಂಡವರಿಗೆ ಆಗಬಾರದ್ದು ಏನೇ ಆಗಲಿ, ಅದು ಔಷಧದಿಂದಲೇ ಆಗಿರಬೇಕೆಂದಿಲ್ಲ, ಬರೆದಿಡಿ ಎಂಬುದು ಅದರ ತಾತ್ಪರ್ಯ. ತಲೆನೋವು ಬಂದರೂ ಬರೆಯಬೇಕು, ಜಾರಿ ಬಿದ್ದು ಕೈ ಮುರಿದರೂ ಬರೆಯಬೇಕು. ಕಾರಣ ಹುಡುಕುವುದು ಆಮೇಲಿನ ಕೆಲಸ. ಮೊದಲೇ ಕಾರಣ ಕಟ್ಟದ ಒಂದು ಪದ ಅಲ್ಲಿ ಬೇಕಿತ್ತು. ಅದಕ್ಕೆ ಅನ್‌ಟುವರ್ಡ್ ಸರಿಯಾಗಿ ಒದಗಿದೆ.

ಈಗ ವಾಕ್ಯದ ವಿಷಯಕ್ಕೆ ಬರೋಣ. ಈ ಪದ ಜಾಸ್ತಿ ಕಾಣಿಸುವುದು ‘ಇಲ್ಲ’ ಎನ್ನುವ ವಾಕ್ಯದಲ್ಲಿ, ‘ಆದರೆ’ ಎನ್ನುವ ವಾಕ್ಯದಲ್ಲಿ ಮತ್ತು ಪ್ರಶ್ನೆಯಲ್ಲಿ. ‘ನಥಿಂಗ್ ಅನ್‌ಟುವರ್ಡ್ ಹ್ಯಾಪನ್ಡ್’ ಎಂದರೆ ಆಗಬಾರದ್ದೇನೂ ಆಗಲಿಲ್ಲ. ‘ಡಿಡ್ ಯು ನೋಟಿಸ್ ಎನಿಥಿಂಗ್ ಅನ್‌ಟುವರ್ಡ್?’ ಎಂದರೆ ಏನಾದರೂ ಎಡವಟ್ಟು ಕಣ್ಣಿಗೆ ಬಿತ್ತಾ? ರಾತ್ರಿ ಪಾಳಿ ಮುಗಿಸಿದ ಕಾವಲುಗಾರ ಬೆಳಿಗ್ಗೆ ಪುಸ್ತಕದಲ್ಲಿ ಬರೆಯುವ ಒಂದು ಸಾಲನ್ನು ನೆನೆಸಿಕೊಳ್ಳಿ. ಬಾಗಿಲುಗಳು ಮುಚ್ಚಿದ್ದವು, ದೀಪಗಳು ಉರಿಯುತ್ತಿದ್ದವು, ಯಾರೂ ಬರಲಿಲ್ಲ. ಇಷ್ಟನ್ನೂ ಆತ ‘ನಥಿಂಗ್ ಅನ್‌ಟುವರ್ಡ್’ ಎಂಬ ಎರಡೇ ಪದದಲ್ಲಿ ಮುಗಿಸುತ್ತಾನೆ. ಈ ಪದ ತನ್ನ ಸಹಜ ಜಾಗದಲ್ಲಿ ಕೂತಿರುವುದು ಇಲ್ಲಿ.

ಗಮನಿಸಿ, ‘ನಥಿಂಗ್’, ‘ಎನಿಥಿಂಗ್’, ‘ಸಮ್‌ಥಿಂಗ್’ ಜೊತೆ ಬಂದಾಗ ಅನ್‌ಟುವರ್ಡ್ ಅವುಗಳ ಹಿಂದೆ ಬರುತ್ತದೆ. ಕನ್ನಡದಲ್ಲಿ ನಾವು ‘ಕೆಟ್ಟದ್ದೇನೂ’ ಎಂದು ಗುಣವನ್ನು ಮೊದಲು ಹೇಳುವವರು. ಹಾಗಾಗಿ ‘ಎನಿ ಅನ್‌ಟುವರ್ಡ್ ಥಿಂಗ್’ ಎಂದು ಬಾಯಿಗೆ ಬರುತ್ತದೆ. ಅದು ವ್ಯಾಕರಣದ ತಪ್ಪಲ್ಲ, ಆದರೆ ಕಿವಿಗೆ ಒರಟು. ‘ಇನ್ಸಿಡೆಂಟ್’, ‘ಈವೆಂಟ್’, ‘ಕಾನ್ಸಿಕ್ವೆನ್ಸಸ್’ ಇಂಥ ಪದಗಳ ಮುಂದೆ ಮಾತ್ರ ಅದು ಸರಾಗವಾಗಿ ನಿಲ್ಲುತ್ತದೆ. ಕನ್ನಡ ಸುದ್ದಿಗಳಲ್ಲಿ ‘ಯಾವುದೇ ಅಹಿತಕರ ಘಟನೆ ನಡೆಯದಂತೆ’ ಎಂದು ಓದುತ್ತೇವಲ್ಲ, ಅದು ‘ಅನ್‌ಟುವರ್ಡ್ ಇನ್ಸಿಡೆಂಟ್’‌ನ ಜೋಡಿ ಮಾತು. ಅಲ್ಲೂ ನೋಡಿ, ‘ನಡೆಯದಂತೆ’ ಎಂಬ ನಿಷೇಧ ಜೊತೆಗೇ ಬಂದಿದೆ.

ನಿಮ್ಮ ‘ಅನ್‌ಟುವರ್ಡ್ ನ್ಯೂಸ್’ ಯಾಕೆ ಹೊಂದಲಿಲ್ಲ ಎಂಬುದು ಈಗ ಗೊತ್ತಾಯಿತು ಅಲ್ವಾ? ಸುದ್ದಿ ಕೆಟ್ಟದ್ದಾಗಬಹುದು, ದಿಕ್ಕು ತಪ್ಪುವುದು ಅದರ ಹಿಂದಿನ ಘಟನೆ. ಕೆಟ್ಟ ಅಂಕ, ಕೆಟ್ಟ ರುಚಿ, ಕೆಟ್ಟ ಅಕ್ಷರ ಇವಕ್ಕೆಲ್ಲ ಸುಮ್ನೆ ‘ಬ್ಯಾಡ್’ ಸಾಕು. ಕೇಳಿದವರ ಮನಸ್ಸಿಗೆ ಹಿತವಾಗಲಿಲ್ಲ ಎನ್ನಬೇಕಾದರೆ ‘ಅನ್‌ಪ್ಲೆಸೆಂಟ್’. ಪಾಪ, ಹೀಗಾಗಬಾರದಿತ್ತು ಎಂಬ ಮರುಕ ಬೇಕಾದರೆ ‘ಅನ್‌ಫಾರ್ಚುನೇಟ್’. ನಿಮ್ಮ ವಾಕ್ಯಕ್ಕೆ ‘ಅನ್‌ಫಾರ್ಚುನೇಟ್ ನ್ಯೂಸ್’ ಆಗುತ್ತಿತ್ತು.

ಇನ್ನೊಂದು ಅರ್ಥದ ಬಗ್ಗೆ ಎಚ್ಚರ ಬೇಕು. ‘ದೇರ್ ಈಸ್ ಸಮ್‌ಥಿಂಗ್ ಅನ್‌ಟುವರ್ಡ್ ಅಬೌಟ್ ದೀಸ್ ಅಕೌಂಟ್ಸ್’ ಎಂದರೆ ಲೆಕ್ಕದಲ್ಲಿ ಕೂಡಿಸುವ ತಪ್ಪಿದೆ ಎಂದಲ್ಲ. ಯಾರೋ ಏನೋ ಮಾಡಿದ್ದಾರೆ ಎಂಬ ಗುಮಾನಿ ಅದರಲ್ಲಿದೆ. ಹಾಗೆಯೇ ಒಬ್ಬರ ನಡತೆಯನ್ನು ‘ಅನ್‌ಟುವರ್ಡ್ ಬಿಹೇವಿಯರ್’ ಎಂದರೆ ಮರ್ಯಾದೆಯ ಗೆರೆ ದಾಟಿದರು ಎಂಬ ಸೂಚನೆ ಬರುತ್ತದೆ. ಕನ್ನಡದ ‘ಅನುಚಿತ ವರ್ತನೆ’ಯಷ್ಟೇ ಭಾರದ ಮಾತು. ಸುಮ್ನೆ ಸಿಡುಕಿದವರಿಗೆ, ತಡವಾಗಿ ಬಂದವರಿಗೆ ಇದನ್ನು ಹಾಕಬೇಡಿ. ಬರೆದವರಿಗೆ ಒಂದು ದೊಡ್ಡ ಪದ ಬಳಸಿದ ಖುಷಿ, ಬರೆಸಿಕೊಂಡವರಿಗೆ ಹೋದ ಮಾನ.

ಸಾವು ನೋವಿನ ಜಾಗದಲ್ಲಿ ಈ ಪದ ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಮ್ಮೆ ಒಂದು ಕಚೇರಿಯ ಸಾಂತ್ವನ ಪತ್ರವನ್ನು ಕನ್ನಡಕ್ಕೆ ತರಬೇಕಿತ್ತು. ಕೆಲಸದ ವೇಳೆ ತೀರಿಕೊಂಡವರೊಬ್ಬರ ಮನೆಯವರಿಗೆ ಹೋಗುವ ಪತ್ರ. ಮೊದಲ ಸಾಲಿನಲ್ಲೇ ‘ದಿ ಅನ್‌ಟುವರ್ಡ್ ಇನ್ಸಿಡೆಂಟ್’ ಎಂದಿತ್ತು. ಬರೆದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಗಂಭೀರವಾದ ಪದ ಬೇಕು ಎಂದು ಹುಡುಕಿ ಹಾಕಿದ್ದರು. ಆದರೆ ಒಬ್ಬ ಮನುಷ್ಯನ ಸಾವನ್ನು ‘ಅಹಿತಕರ ಘಟನೆ’ ಎಂದು ಬರೆಯಲು ನನ್ನ ಕೈ ಬರಲಿಲ್ಲ. ತುಂಬ ಹೊತ್ತು ಆ ಸಾಲಿನ ಮುಂದೆಯೇ ಕೂತಿದ್ದೆ. ಆಗಬಾರದ್ದು ಆಯಿತು ಎಂಬ ಅರ್ಥ ಅದರಲ್ಲಿ ಇದೆ ನಿಜ. ಆದರೆ ಹೆಸರು ಹೇಳದೆ ಜಾರಿಕೊಳ್ಳುವುದೂ ಅದರಲ್ಲಿ ಇದೆ. ಆಗುವ ಮೊದಲು ‘ಏನಾದ್ರೂ ಹೆಚ್ಚುಕಮ್ಮಿ ಆದ್ರೆ’ ಎನ್ನುವುದು ಕಾಳಜಿ. ಆದ ಮೇಲೆ, ಅಳುತ್ತಿರುವವರ ಮುಂದೆ ನಿಂತು ‘ಸ್ವಲ್ಪ ಹೆಚ್ಚುಕಮ್ಮಿ ಆಯ್ತು’ ಎಂದರೆ ಅದನ್ನು ಯಾರು ತಡೆದಾರು?

ಕೊನೆಗೆ ಪತ್ರ ಕಳಿಸಿದವರಿಗೇ ಫೋನ್ ಮಾಡಿ ವಿಷಯ ಹೇಳಿದೆ. ಅವರು ಒಪ್ಪಿದರು. ಇಂಗ್ಲಿಷಿನಲ್ಲಿ ಆ ಎರಡು ಪದ ತೆಗೆದು, ತೀರಿಕೊಂಡವರ ಹೆಸರು ಬರೆದು, ಪಕ್ಕದಲ್ಲಿ ‘ಡೆತ್’ ಎಂದೇ ಬರೆದರು. ಕನ್ನಡದ ಸಾಲೂ ಆಮೇಲೆ ತಾನಾಗಿಯೇ ಬಂತು.